ಖಾನೆಯೊಳಗೆ ಹಿಡಿಯದ ಅವ್ವ

ನಮ್ಮ ಆಯಿ ಹಾಡಿದ ಹಾಡುಗಳು ಒಂದು ಫೈಲಿನಲ್ಲಿ ಭದ್ರವಾಗಿವೆ ಎಂದು ನಂಬಿಕೊಂಡು ನಾವು ಐದಾರು ವರ್ಷ ಕಳೆದೆವು. ಹೋದ ಮಳೆಗಾಲದಲ್ಲಿ ಆ ಫೈಲು ತೆಗೆದು ನೋಡಿದರೆ ಅಲ್ಲಿ ಆಯಿ ಇರಲಿಲ್ಲ. ಕನ್ನಡವೇ ಇರಲಿಲ್ಲ. ಕರಿ ಪರದೆಯ ತುಂಬ ಪ್ರಶ್ನೆಯ ಗುರುತುಗಳು, ಸಾಲು ಸಾಲು. ಸಾಲಿಗೆ ಹೆಸರು ಹಚ್ಚಲಿಕ್ಕೆ ಹೋದ ದಿನ 'ಅಪ್ಪನ ಹೆಸರೇನು' ಅಂತ ಕೇಳಿದಾಗ ನಮ್ಮ ಅವ್ವ ಬಾಗಿಲಲ್ಲಿ ನಿಂತು ಹೊಳ್ಳಿ ಬಂದಳಂತೆ. ನಾವೂ ಆ ಪರದೆಯ ಮುಂದೆ ಹಾಗೇ ನಿಂತೆವು.

ಊರು ಹೂಲಿ. ಸವದತ್ತಿಗೆ ಹತ್ತಿರ, ಗುಡ್ಡದ ಬುಡಕ್ಕೆ. ಓದಿದವರು ನಮ್ಮೂರಿಗೆ ಬಂದರೆ ಪಂಚಲಿಂಗೇಶ್ವರನ ಗುಡಿ ನೋಡುತ್ತಾರೆ, ಚಾಲುಕ್ಯರ ಕಾಲದ್ದು. ಶಾಸನ ಓದುತ್ತಾರೆ. ಶಾಸನಗಳಲ್ಲಿ ಊರಿನ ಹೆಸರು ಪೂಲಿ. ಅಗ್ರಹಾರ, ಮಹಾಜನರು ಸಾವಿರ ಮಂದಿ. ಅವರಿಗೆ ಸಂದ ದಾನದತ್ತಿ ಎಲ್ಲಾ ಕಲ್ಲಿನ ಮ್ಯಾಲೆ ಐತಿ. ಕಲ್ಲು ಹೊತ್ತವರ ಹೆಸರು ಇಲ್ಲ. ಇದನ್ನು ನಾವು ಈ ಪುಟಗಳಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ಕಲ್ಲು ಕಡಿದವನ ಬಗ್ಗೆ ಒಂದು ಮಾತು: ಅವನಿಗೆ ಒತ್ತಕ್ಷರ ಎಲ್ಲಿ ಕೂಡುತ್ತದೆ ಅನ್ನೋದು ಗೊತ್ತಿತ್ತು. ಮೇಲಿನ ಅಕ್ಷರದ ಕೆಳಗೆ ಒತ್ತಿಗೆ ಜಾಗ ಬಿಟ್ಟೇ ಮುಂದಿನ ಸಾಲಿಗೆ ಇಳಿದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಯಿಗೆ ಸಣ್ಣಾಕಿ ಇದ್ದಾಗಲೇ ಎಲ್ಲವ್ವನ ಗುಡ್ಡದಲ್ಲಿ ಮುತ್ತು ಕಟ್ಟಿದ್ದರು. ಕರ್ನಾಟಕದಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದು. ಆಗ ನಮ್ಮ ಅವ್ವನಿಗೆ ಹನ್ನೆರಡು ವರ್ಷ. ಕಾಯ್ದೆಯ ಅಂಜಿಕೆಗೋ ಆಯಿಯ ಹಟಕ್ಕೋ, ಅವ್ವನಿಗೆ ಮುತ್ತು ಕಟ್ಟಲಿಲ್ಲ. ಹಟಕ್ಕೇ ಅಂತ ನಾವು ನಂಬಿದ್ದೇವೆ, ಯಾಕೆಂದರೆ ಕಾಯ್ದೆ ನಮ್ಮ ಓಣಿಗೆ ಬರಲು ಭಾಳ ವರ್ಷ ಹಿಡಿಯಿತು. ಆಯಿ ಚೌಡಿಕೆ ಹಿಡಿದು ಹಾಡುತ್ತಿದ್ದಳು. ದೇವಿಯನ್ನು ಹೊಗಳಿ ಹಾಡುವುದನ್ನು ಜಾತ್ರಿಗೆ ಬಂದವರೆಲ್ಲ ಕೇಳಿದ್ದಾರೆ. ಮನೆಯಲ್ಲಿ, ಜ್ವಾಳಾ ಹಸನ ಮಾಡುವಾಗ, ಆಯಿ ದೇವಿಯನ್ನು ಬೈದು ಹಾಡುತ್ತಿದ್ದಳು. ನೀನೂ ಹೆಂಗಸು, ನನಗ್ಯಾಕ ಹಿಂಗ ಮಾಡಿದಿ ಅನ್ನೋ ಧಾಟಿ. ಅವೇ ನಮಗೆ ಬೇಕಾದ ಹಾಡು.

ಓಣಿಯ ಒಬ್ಬರು ಮಾಸ್ತರು ಆ ಹಾಡುಗಳನ್ನು ಒಂದು ನೋಟಬುಕ್ಕಿನಲ್ಲಿ ಬರೆದುಕೊಂಡು, ಪ್ಯಾಟಿಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ನುಡಿಯಲ್ಲಿ ಟೈಪು ಮಾಡಿಸಿದರು. ಪುಸ್ತಕ ಆಗಬೇಕಿತ್ತು, ರೊಕ್ಕ ಕೂಡಲಿಲ್ಲ. ಆಯಿ ಹೋದಳು. ನೋಟಬುಕ್ಕು ಮುನವಳ್ಳಿಯ ನೆಂಟರ ಮನೆಯಲ್ಲಿತ್ತು. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಮನೆಗಳಿಗೆ ನುಗ್ಗಿತಲ್ಲ, ಆಗ ಹಾಸಿಗೆ ಹೊದಿಕೆ ಜ್ವಾಳಾ ಎಲ್ಲಾದರ ಜೊತೆ ಅದೂ ಹೋಯಿತು. ಉಳಿದದ್ದು ಒಂದು ಪೆನ್‌ಡ್ರೈವು.

ಸಂಘಟನೆಯ ಗೆಳೆಯರು ಕೇಳಿದರು: ಮುತ್ತು ಕಟ್ಟಿಸಿಕೊಂಡವರ ಹಾಡು ಉಳಿಸಿ ಏನು ಮಾಡ್ತೀರಿ? ಅವು ಸುಡಬೇಕಾದ ಹಾಡಲ್ಲವೇ? ಕೇಳಿದವರ ಸಿಟ್ಟು ನಮ್ಮದೂ ಹೌದು. ಆದರೆ ಸುಡಬೇಕಾದದ್ದು ಪದ್ಧತಿ. ಅದರೊಳಗೆ ಕುಂತು ಬೈದಾಕಿಯ ಬಾಯಿಯನ್ನೂ ಸುಟ್ಟರೆ ಸಾಕ್ಷಿ ಯಾರು ಹೇಳಬೇಕು?

ಇನ್ನು ಕಂಪ್ಯೂಟರಿನ ಮಾತು. ನಮ್ಮ ಓಣಿಯ ವಾಚನಾಲಯಕ್ಕೆ ಬಂದದ್ದು ಯಾವುದೋ ಕಚೇರಿ ಹರಾಜು ಹಾಕಿದ ಹಳೇ ಪೆಂಟಿಯಂ 4, ಮೆಮರಿ 512 ಎಂಬಿ. ಈಗಿನ ವಿಂಡೋಸ್ ಅದರ ಮ್ಯಾಲೆ ಏಳುವುದೇ ಇಲ್ಲ. ಡೆಬಿಯನ್ ಲಿನಕ್ಸ್ ಹಾಕಿದೆವು, ಪುಕ್ಕಟೆ. ಬ್ರೌಸರು ತೆಗೆದರೆ ಯಂತ್ರ ಉಸಿರು ಕಟ್ಟುತ್ತದೆ. ಆದರೆ ಕರಿ ಕಿಟಕಿಯೊಂದು ತಟ್ಟನೆ ತೆರೆದುಕೊಳ್ಳುತ್ತದೆ. ಅದಕ್ಕೆ ಟರ್ಮಿನಲ್ ಅನ್ನುತ್ತಾರೆ. ಅಲ್ಲಿ ಚಿತ್ರ ಒತ್ತುವುದಿಲ್ಲ. ಮಾಡಬೇಕಾದ್ದನ್ನು ಅಕ್ಷರದಲ್ಲಿ ಬರೆದು ಹೇಳಬೇಕು, ಉತ್ತರವೂ ಅಕ್ಷರದಲ್ಲೇ ಬರುತ್ತದೆ. ಬಡವರ ಯಂತ್ರಕ್ಕೆ ಅದೇ ಪಡಸಾಲಿ. ಬರೆಯುವುದು, ಹುಡುಕುವುದು, ಸಾವಿರ ಸಾಲಿನಲ್ಲಿ ಒಂದು ಪದ ಎಲ್ಲೆಲ್ಲಿದೆ ಎಂದು ಎಣಿಸುವುದು ಎಲ್ಲಾ ಅಲ್ಲಿ ಆಗುತ್ತದೆ. ಹಾಡು ಓದಲಿಕ್ಕೆ ಮಾತ್ರ ಆಗಲಿಲ್ಲ.

ಮೊದಲು ಕಂಡ ಪ್ರಶ್ನೆಗಳ ಗುಟ್ಟು ಇಷ್ಟು. ಈಗಿನ ಯಂತ್ರ ಪ್ರತಿಯೊಂದು ಫೈಲನ್ನೂ ಯುನಿಕೋಡ್ ಅಂತ ತಿಳಿದು ಓದುತ್ತದೆ. ನಮ್ಮದು ಅದಲ್ಲ. 'ಇದು ಹಳೇ ಯುರೋಪಿನ ಸಂಕೇತ, ಹಾಗೆ ಓದು' ಅಂದಾಗ ಪ್ರಶ್ನೆಗಳು ಹೋಗಿ ರೋಮನ್ ಅಕ್ಷರ ಬಂದವು, ತಲೆಯ ಮೇಲೆ ಓರೆ ಗೆರೆ ಹೊತ್ತವು, ಚುಕ್ಕಿ ಹೊತ್ತವು. ಹಳೇ ನುಡಿಯ ಫೈಲಿನಲ್ಲಿ ಕನ್ನಡ ಇರುತ್ತಿರಲಿಲ್ಲ. ಒಳಗೆ ಯುರೋಪಿನ ಗುರುತು, ಮೇಲೆ ಕನ್ನಡದ ಅಂಗಿ. ಅಂಗಿ ಅಂದರೆ ಫಾಂಟು. ಅದನ್ನು ಕಳಚಿದರೆ ಕನ್ನಡವೇ ಕಳಚಿತು. 'ಕನ್ನಡ' ಅಂತ ಬರೆದರೆ ನಡುವಿನ ನಕಾರದಲ್ಲಿ ಇಂಗ್ಲೆಂಡಿನ ಪೌಂಡ್ ಹಣದ ಗುರುತು ಕುಂತಿರುತ್ತದೆ. 'ಹೂಲಿ' ಅಂತ ಬರೆದರೆ ಕೊನೆಯ 'ಲಿ' ಇದ್ದಲ್ಲಿ ಜ್ವರ ಅಳೆದು ಬರೆಯುವ ಡಿಗ್ರಿಯ ಸೊನ್ನೆ. ನಮ್ಮೂರಿಗೆ ಜ್ವರ ಬಂದದ್ದು ನಮಗೆ ಗೊತ್ತಿತ್ತು, ಯಂತ್ರಕ್ಕೂ ಗೊತ್ತಿದೆ ಅಂತ ನಕ್ಕೆವು.

ಹೀಗೆ ಮಾಡಿದವರನ್ನು ಬೈಯುವ ಮನಸ್ಸು ನಮಗಿಲ್ಲ. ಶೇಷಾದ್ರಿವಾಸು ಅವರ ಬರಹ ಬಂದದ್ದು 1998ರಲ್ಲಿ. ಆಮೇಲೆ ಕನ್ನಡ ಗಣಕ ಪರಿಷತ್ತು ನುಡಿ ತಂದಿತು. ಕೆ.ಪಿ. ರಾವ್ ಅವರು ಕನ್ನಡಕ್ಕೊಂದು ಕೀಲಿಮಣೆ ಹೊಂದಿಸಿಕೊಟ್ಟಿದ್ದರು. ಇವರು ಇರದಿದ್ದರೆ ಆಯಿಯ ಹಾಡು ಪೆನ್‌ಡ್ರೈವಿನವರೆಗೂ ಬರುತ್ತಿರಲಿಲ್ಲ. ಜಾಗ ಇಲ್ಲದ ಮನೆಯಲ್ಲಿ ಅವರು ಕನ್ನಡಕ್ಕೆ ಒಂದು ಮೂಲೆ ಮಾಡಿದರು. ಮನೆ ಕಟ್ಟಿದವರು ಬೇರೆ.

ಆ ಮನೆಯ ಅಳತೆ ನೋಡಬೇಕು. 1928ರಲ್ಲಿ, ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ ಮರುವರ್ಷ, ಐಬಿಎಂ ಕಂಪನಿ 80 ಖಾನೆಯ ತೂತಿನ ಕಾರ್ಡು ತಂದಿತು. ಒಂದು ಸಾಲಿಗೆ 80 ಅಕ್ಷರ ಎಂಬ ಲೆಕ್ಕ ಅಲ್ಲಿಂದ ಟರ್ಮಿನಲ್ಲಿಗೂ ಬಂತು. ಪರದೆ ಅಂದರೆ 80 ಖಾನೆ ಅಗಲ, 25 ಸಾಲು ಉದ್ದದ ಒಂದು ಚೌಕಟ್ಟು. ಆಮೇಲೆ ಬಂದ ವಿಜಿಎ ಪರದೆಯಲ್ಲಿ ಒಂದು ಅಕ್ಷರಕ್ಕೆ ಅಗಲ 8 ಚುಕ್ಕಿ, ಎತ್ತರ 16 ಚುಕ್ಕಿ. ಇಂಗ್ಲಿಷಿನ ಸಣಕಲು ಐ ಅಕ್ಷರಕ್ಕೂ ಅಷ್ಟೇ, ದಪ್ಪನೆಯ ಎಂ ಅಕ್ಷರಕ್ಕೂ ಅಷ್ಟೇ. 1981ರ ಐಬಿಎಂ ಪಿಸಿಯಲ್ಲಿ ಒಟ್ಟು 256 ರೂಪಗಳಿಗೆ ಜಾಗ ಇತ್ತು. ಅದರಲ್ಲಿ ಇಸ್ಪೀಟಿನ ನಾಕೂ ಎಲಿಗೆ ಜಾಗ ಕೊಟ್ಟಿದ್ದರು. ನಗುವ ಮುಖ ಎರಡಕ್ಕೆ ಕೊಟ್ಟಿದ್ದರು. ಕನ್ನಡದ ಒಂದು ಅಕ್ಷರಕ್ಕೂ ಕೊಟ್ಟಿರಲಿಲ್ಲ.

ಇವತ್ತಿಗೂ ಲಿನಕ್ಸಿನ ಬರೀ ಕರಿ ಪರದೆಯಲ್ಲಿ, ಅಂದರೆ ಕಿಟಕಿಗಳು ಏಳುವ ಮೊದಲು ಕಾಣುವ ಪರದೆಯಲ್ಲಿ, ಸೆಟ್‌ಫಾಂಟ್ ಎಂಬ ಆಜ್ಞೆಯಿಂದ ಫಾಂಟು ಬದಲಿಸಬಹುದು. ಆದರೆ ಆ ಫಾಂಟಿನೊಳಗೆ ಹೆಚ್ಚೆಂದರೆ 512 ರೂಪ ಹಿಡಿಯುತ್ತವೆ. ನಮ್ಮ ವ್ಯಂಜನ 34. ಒಂದೊಂದಕ್ಕೂ 13 ಸ್ವರ ಕೂಡಿಸಿದರೆ 442. ಒತ್ತು ಇನ್ನೂ ಎಣಿಸಿಲ್ಲ, ಅಂಕಿ ಎಣಿಸಿಲ್ಲ, ಆಜ್ಞೆ ಬರೆಯಲು ಬೇಕಾದ ಇಂಗ್ಲಿಷೂ ಎಣಿಸಿಲ್ಲ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ನಾವು ಕಿಟಕಿಗೆ ಬಂದೆವು.

ಕಿಟಕಿಯ ಹೆಸರು ಎಕ್ಸ್‌ಟರ್ಮ್. ಕಂಟ್ರೋಲ್ ಒತ್ತಿಕೊಂಡು ಮೌಸಿನ ಬಲಗುಂಡಿ ಹಿಡಿದರೆ ಅಕ್ಷರದ ಅಳತೆಗಳ ಪಟ್ಟಿ ಬರುತ್ತದೆ. ಅತಿ ಸಣ್ಣ ಅಳತೆಗೆ ಅವರೇ ಇಟ್ಟ ಹೆಸರು 'ಅನ್‌ರೀಡೆಬಲ್', ಓದಲಿಕ್ಕಾಗದ್ದು. ಮಾಡಿದವರು ಸತ್ಯವಂತರು. ನಮ್ಮ ಅನೇಕ ಕಚೇರಿಗಳು ಅರ್ಜಿ ಅಚ್ಚು ಹಾಕಿಸುವುದು ಇದೇ ಅಳತೆಯಲ್ಲಿ, ಹೆಸರು ಮಾತ್ರ ಹೇಳುವುದಿಲ್ಲ.

ಆ ಕಿಟಕಿಗೆ ಮೊದಲು ಹಳೇ ನುಡಿಯ ಫಾಂಟನ್ನೇ ಹಾಕಿದೆವು. ಅಂಗಿ ಮರಳಿ ತೊಡಿಸಿದರೆ ಮನುಷ್ಯ ಎದ್ದಾನು ಅಂತ. ಕನ್ನಡ ಬಂತು, ತುಂಡು ತುಂಡಾಗಿ ಬಂತು. ಹಳೇ ನುಡಿಯಲ್ಲಿ 'ಕ' ಅಂದರೆ ಒಂದು ಅಕ್ಷರ ಅಲ್ಲ, ಮೈ ಬೇರೆ, ತಲಕಟ್ಟು ಬೇರೆ, ಪಕ್ಕಪಕ್ಕ ಇಟ್ಟು ಅಂಟಿಸಿದ್ದು. ಟರ್ಮಿನಲ್ಲು ಎಲ್ಲರಿಗೂ ಒಂದೇ ಅಳತೆಯ ಖಾನೆ ಕೊಡುತ್ತದಲ್ಲ, ಮೈಗೊಂದು ಖಾನೆ ಕೊಟ್ಟಿತು, ತಲಕಟ್ಟಿಗೊಂದು ಖಾನೆ, ಒತ್ತಿಗೊಂದು. ರುಂಡ ಅಲ್ಲಿ, ಮುಂಡ ಇಲ್ಲಿ. ಆಯಿಯ ಹಾಡು ಬಯಲಾಟದ ರಣರಂಗದ ಹಾಗೆ ಕಂಡಿತು.

ಸರಿ, ಅಂಗಿ ಬಿಟ್ಟು ಮೈಯನ್ನೇ ಬದಲಿಸಬೇಕು. ಹಳೇ ಸಂಕೇತದಿಂದ ಯುನಿಕೋಡಿಗೆ ತರಬೇಕು. 1991ರಿಂದ ಯುನಿಕೋಡಿನಲ್ಲಿ ಕನ್ನಡಕ್ಕೆ ಅಂತಲೇ 128 ಜಾಗದ ಒಂದು ಓಣಿ ಉಂಟು. ಅಲ್ಲಿ ನ ಎಂದರೆ ನ, ಪೌಂಡು ಅಲ್ಲ. ಪರಿವರ್ತನೆಯ ಪುಟ್ಟ ಪ್ರೋಗ್ರಾಮು ನಾವೇ ಬರೆದೆವು, ಬಿ.ಎ. ಓದಿದವರು ಬರೆದ ಪ್ರೋಗ್ರಾಮು. ಅದು ಅರ್ಕಾವತ್ತಿನಲ್ಲಿ ಎಡವಿತು. ಹಳೇ ನುಡಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಂಡ ಹಾಗೆ ಅಕ್ಷರದ ಆಚೆಗೆ ಇಡುತ್ತಾರೆ. ಯುನಿಕೋಡಿನಲ್ಲಿ ಬಾಯಿ ಹೇಳಿದ ಹಾಗೆ, ರಕಾರ ಮೊದಲು. ಇದು ತಪ್ಪಿದರೆ ಕರ್ನಾಟಕ ಹೋಗಿ 'ಕನಾರ್ಟಕ' ಆಗುತ್ತದೆ. ಎಷ್ಟು ಕಡೆ ನೋಡಿಲ್ಲ ನೀವು ಈ ಕನಾರ್ಟಕವನ್ನು! ನಮ್ಮ ಫೈಲಿನಲ್ಲಿ ದುರ್ಗವ್ವ 'ದುಗರ್ವ್ವ' ಆದಳು. ಆಯಿಯ ಹೆಸರೂ ಆ ದೇವಿಯದೇ. ಮೂರು ರಾತ್ರಿ ಕುಂತು ತಿದ್ದಿದೆವು.

ಈಗ ಒಳಗಿನ ಮೈ ಕನ್ನಡದ್ದು. ಆದರೆ ಪರದೆಯ ಮೇಲೆ ಬರೀ ಖಾಲಿ ಚೌಕ, ಯಾಕೆಂದರೆ ಎಕ್ಸ್‌ಟರ್ಮಿನ ಹುಟ್ಟು ಫಾಂಟಿಗೆ ಕನ್ನಡ ಗೊತ್ತಿಲ್ಲ. ಡೆಬಿಯನ್ನಿನಲ್ಲಿ ಕನ್ನಡದ ಫಾಂಟುಗಳು ಪುಕ್ಕಟೆ ಸಿಗುತ್ತವೆ: ಲೋಹಿತ್, ಗುಬ್ಬಿ, ನವಿಲು. ವಿಂಡೋಸಿನಲ್ಲಿ ತುಂಗಾ ಇತ್ತು. ಕೇದಗೆ, ಮಲ್ಲಿಗೆ ಅಂತ ಇದ್ದವು. ಹೂವು, ಹಕ್ಕಿ, ಹೊಳೆ. ಜಾಲಿ ಅಂತ ಒಂದು ಫಾಂಟು ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ, ಬಿದ್ದರೆ ಅದನ್ನೇ ಹಾಕುತ್ತೇವೆ. ಸದ್ಯಕ್ಕೆ ಗುಬ್ಬಿ ಹಾಕಿದೆವು. ಮನೆಯ ಕಡತದಲ್ಲಿ ಎಕ್ಸ್‌ರಿಸೋರ್ಸಸ್ ಎಂಬ ಫೈಲಿನಲ್ಲಿ ಎರಡು ಸಾಲು ಬರೆದರೆ ಆಯಿತು, ಒಂದರಲ್ಲಿ ಫಾಂಟಿನ ಹೆಸರು, ಇನ್ನೊಂದರಲ್ಲಿ ಅಳತೆ. ಕಿಟಕಿ ಮುಚ್ಚಿ ತೆರೆದೆವು.

ಅಕ್ಷರ ಬಂದವು. ಸಂಜಿ ಹೊತ್ತು. ಅವ್ವ ಕೂಲಿಯಿಂದ ಬಂದು ಮಗ್ಗುಲಲ್ಲಿ ನಿಂತಿದ್ದಳು. ಅಕಿ ಸಾಲಿ ಕಲಿತಾಕಿ ಅಲ್ಲ. ಸಾಕ್ಷರತಾ ಆಂದೋಲನದ ಕಾಲಕ್ಕೆ ಓಣಿಯಲ್ಲಿ ಕಂದೀಲು ಹಚ್ಚಿ ಕಲಿಸಿದಾಗ ತನ್ನ ಹೆಸರು, ತನ್ನ ಅವ್ವನ ಹೆಸರು ಇಷ್ಟು ಕಲಿತಳು. ಓದುವುದಿಲ್ಲ, ಗುರುತು ಹಿಡಿಯುತ್ತಾಳೆ. ಮಂದಿಯ ಮುಖ ಗುರುತು ಹಿಡಿದ ಹಾಗೆ.

'ಎಲ್ಲೈತಿ ನಮ್ಮವ್ವನ ಹೆಸರು?'

ತೋರಿಸಿದೆವು. ಬಗ್ಗಿ ನೋಡಿದಳು.

'ಕಣ್ಣ ಕಾಣವಲ್ದು. ದಪ್ಪ ಮಾಡು.'

ಅಳತೆ 12 ಇದ್ದದ್ದನ್ನು 28 ಮಾಡಿದೆವು. ಮತ್ತೆ ನೋಡಿದಳು.

'ಇದಲ್ಲ. ಕೆಳಗಿನ ಮರಿ ಎಲ್ಲಿ?'

ಒತ್ತಿಗೆ ಅಕಿ ಮರಿ ಅನ್ನುತ್ತಾಳೆ. 'ವ್ವ' ಅಂದರೆ ದೊಡ್ಡ ವ, ಅದರ ಹೊಟ್ಟೆಯ ಕೆಳಗೆ ಮರಿ ವ. ಪರದೆಯ ಮೇಲೆ ಮರಿ ಇರಲಿಲ್ಲ. 'ಅವ್‌ವ' ಅಂತ ಇತ್ತು. ಮೇಲಿನ ವಕಾರದ ತಲೆಗೆ ಒಂದು ಕೊಕ್ಕೆ ಸಿಗಿಸಿ, ಎರಡನೆಯದನ್ನು ಪಕ್ಕದ ಖಾನೆಗೆ ಹೊರಗೆ ಹಾಕಿತ್ತು. ಗುಡಿಸು ಅಕ್ಷರದ ಮೇಲೆ ಕಲಸಿಕೊಂಡಿತ್ತು, ಕೊಂಬು ಮುಂದಿನ ಮನೆಗೆ ಹೋಗಿತ್ತು. ಎಲ್ಲವ್ವ, ದುರ್ಗವ್ವ, ಬಸವ್ವ, ನಮ್ಮ ಓಣಿಯ ಹೆಣ್ಣುಮಕ್ಕಳ ಹೆಸರೆಲ್ಲ 'ಅವ್ವ'ದಲ್ಲೇ ಮುಗಿಯುತ್ತವೆ. ಆ ಕಿಟಕಿಯಲ್ಲಿ ಒಬ್ಬಾಕಿಯೂ ಇಡಿಯಾಗಿ ಕಾಣಲಿಲ್ಲ.

ಸಿಟ್ಟು ಬಂತು. ಇದರಲ್ಲೂ ಜಾತಿ ಐತೇನು ಅಂತ 'ಬ್ರಹ್ಮ' ಅಂತ ಹೊಡೆದು ನೋಡಿದೆವು. ಅವನೂ ಮುರಿದು ಬಿದ್ದ. ಸ್ವಲ್ಪ ಸಮಾಧಾನ ಆತು. ಸುಳ್ಳು ಯಾಕ ಹೇಳಬೇಕು, ಭಾಳ ಸಮಾಧಾನ ಆತು. ಯಂತ್ರಕ್ಕೆ ನಮ್ಮ ಮೇಲೆ ಹಗೆ ಇಲ್ಲ. ಅಳತೆ ತೆಗೆದ ದಿನ ಆ ಕೋಣೆಯಲ್ಲಿ ನಾವು ಇರಲಿಲ್ಲ, ಅಷ್ಟೇ. ಆದರೆ ಬ್ರಹ್ಮನಿಗೆ ಕಲ್ಲಿನಲ್ಲಿ, ತಾಳೆಗರಿಯಲ್ಲಿ, ಅಚ್ಚಿನ ಪುಸ್ತಕದಲ್ಲಿ ಬೇರೆ ಬೇರೆ ಮನೆಗಳಿವೆ. ಇಲ್ಲಿ ಮುರಿದರೂ ಅಲ್ಲಿ ಇಡಿಯಾಗಿರುತ್ತಾನೆ. ನಮ್ಮ ಆಯಿಗೆ ಇದ್ದದ್ದು ಒಂದೇ ಫೈಲು.

ಎಲ್ಲಾ ಅಕ್ಷರಕ್ಕೂ ಸಮನಾದ ಖಾನೆ ಕೊಟ್ಟಿದ್ದೇವೆ ಅಂತ ಟರ್ಮಿನಲ್ಲು ಹೇಳುತ್ತದೆ. ಕೇಳಲು ಸಮಾನತೆಯ ಹಾಗೇ ಇದೆ. ಮೀಸಲಾತಿ ಬ್ಯಾಡ, ಎಲ್ಲರಿಗೂ ಒಂದೇ ಅಳತೆ ಅನ್ನುವವರ ಮಾತೂ ಹೀಗೇ ಇರುತ್ತದೆ. ಅಳತೆಯ ಕೋಲು ಯಾರ ಮೈ ನೋಡಿ ಕಡಿದದ್ದು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಹೂಲಿಯ ಕಲ್ಲು ಕಡಿದವ ಒತ್ತಿಗೆ ಜಾಗ ಬಿಟ್ಟ ಅಂದೆವಲ್ಲ. 1843ರಲ್ಲಿ ಮಂಗಳೂರು ಸಮಾಚಾರವನ್ನು ಕಲ್ಲಚ್ಚಿನಲ್ಲಿ ತೆಗೆದಾಗಲೂ ಅಕ್ಷರಕ್ಕೆ ತಕ್ಕ ಹಾಗೆ ಕೈ ಆಡುತ್ತಿತ್ತು. ಮೊಳೆ ಜೋಡಿಸುವ ಕಾಲದಲ್ಲೂ ಒತ್ತಿಗೆ ಅಂತ ಬೇರೆ ಮೊಳೆ ಇತ್ತು. ಹೊಸ ಯಂತ್ರ ಬಂದ ಮೇಲೆ ಕನ್ನಡ ತನ್ನ ಕಾಲು ಮಡಚಿ ಕೂಡಬೇಕಾಯಿತು.

ಫಾಂಟು ಮತ್ತೆ ಮತ್ತೆ ಬದಲಿಸಿದೆವು. ಗುಬ್ಬಿ ತೆಗೆದು ಲೋಹಿತ್, ಲೋಹಿತ್ ತೆಗೆದು ನವಿಲು. ಮರಿ ಬರಲಿಲ್ಲ. ತಿಳಿಯಲು ಎರಡು ದಿನ ಬೇಕಾಯಿತು: ತಪ್ಪು ಫಾಂಟಿನದಲ್ಲ. ಯುನಿಕೋಡಿನಲ್ಲಿ ಒತ್ತಿಗೆ ಬೇರೆ ಜಾಗವಿಲ್ಲ. ವ, ಆಮೇಲೆ ಹಲಂತ, ಆಮೇಲೆ ಇನ್ನೊಂದು ವ, ಹೀಗೆ ಮೂರು ಇರುತ್ತವೆ. ಮೂರನ್ನೂ ಒಟ್ಟಿಗೆ ನೋಡಿ ಒಂದೇ ರೂಪ ಕೊಡಬೇಕಾದ್ದು ಕಿಟಕಿಯ ಕೆಲಸ. ರೂಪ ಫಾಂಟಿನೊಳಗೆ ತಯಾರಾಗಿ ಕುಂತಿದೆ, ಕಿಟಕಿ ಅದನ್ನು ಕೇಳುವುದೇ ಇಲ್ಲ. ಎಕ್ಸ್‌ಟರ್ಮ್ ಒಂದೊಂದನ್ನೇ ಖಾನೆಗೆ ಹಾಕಿ ಮುಂದೆ ಹೋಗುತ್ತದೆ. ಹಂಗಾದರ ಬದಲಿಸಬೇಕಾದ್ದು ಅಂಗಿ ಅಲ್ಲ, ಕಿಟಕಿ.

ಎಂಎಲ್‌ಟರ್ಮ್ ಎಂಬ ಇನ್ನೊಂದು ಟರ್ಮಿನಲ್ ಉಂಟು. ಬಹುಭಾಷೆಗೆ ಅಂತಲೇ ಮಾಡಿದ್ದು, ಹಗುರ, ನಮ್ಮ ಹಳೇ ಯಂತ್ರಕ್ಕೂ ಭಾರ ಆಗಲಿಲ್ಲ. ಇದೇ ಸಮಸ್ಯೆ ಇರುವ ಮಾಸ್ತರರು, ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಿರಿ. ಅದರ ಸೆಟ್ಟಿಂಗಿನಲ್ಲಿ ಎರಡು ಕಡೆ ಒಪ್ಪಿಗೆ ಕೊಡಬೇಕು. ಒಂದು, ಫಾಂಟಿನೊಳಗಿನ ನಿಯಮದಂತೆ ಅಕ್ಷರ ಕೂಡಿಸು ಅಂತ. ಇನ್ನೊಂದು, ಖಾನೆಯ ಅಗಲ ಅಕ್ಷರಕ್ಕೆ ತಕ್ಕ ಹಾಗೆ ಬದಲಾಗಲಿ ಅಂತ. ಎರಡನೆಯದನ್ನು ಓದಿದಾಗ ನಮಗೆ ಮೈ ಜುಮ್ಮೆಂದಿತು. ನೂರು ವರ್ಷ ಅಲುಗದ ಖಾನೆಯ ಗೋಡೆ ಒಂದು ಗುರುತು ಹಾಕಿದರೆ ಸರಿಯುತ್ತದೆ ಅಂದರೆ, ಇಷ್ಟು ದಿನ ಅದನ್ನು ಸರಿಸದೆ ಇದ್ದದ್ದು ಆಗದ್ದಕ್ಕಲ್ಲ.

ಗುಬ್ಬಿ ಹಾಕಿದೆವು. ಅಳತೆ 28. ಫೈಲು ತೆಗೆದೆವು. ಅವ್ವನನ್ನು ಕರೆದೆವು.

ನೋಡಿದಳು. ಬೆರಳಿಟ್ಟು ಮುಟ್ಟಿದಳು, ಪರದೆಯ ಗಾಜಿನ ಮ್ಯಾಲೆ ಒತ್ತಿನ ಜಾಗದಾಗ. ಏನೂ ಅನ್ನಲಿಲ್ಲ. ಸೆರಗಿನಿಂದ ಆ ಜಾಗ ಒರೆಸಿದಳು, ಬೆರಳಿನ ಮಣ್ಣು ಹತ್ತಿತ್ತು ಅಂತ. ಆಮೇಲೆ ಕುಂತು, 'ಓದು' ಅಂದಳು.

ಓದಿದೆವು. ಎರಡನೇ ಹಾಡಿನಲ್ಲಿ ತಡೆದಳು.

'ನಮ್ಮವ್ವ ಅಮ್ಮ ಅಂತಿದ್ದಿಲ್ಲ.'

ಫೈಲಿನಲ್ಲಿ 'ಅಮ್ಮ' ಅಂತ ಇತ್ತು. ಮುಂದೆ 'ಯಲ್ಲಮ್ಮ' ಅಂತ ಇತ್ತು. ಮಾಸ್ತರರ ನೋಟಬುಕ್ಕಿನಲ್ಲಿ ಹೇಗಿತ್ತೋ, ನೀರು ಒಯ್ದದ್ದನ್ನು ಕೇಳುವ ಹಾಗಿಲ್ಲ. ಟೈಪು ಮಾಡಿದವರಿಗೆ ಅವ್ವ ತಪ್ಪು, ಅಮ್ಮ ಶುದ್ಧ ಅಂತ ಅನಿಸಿರಬೇಕು. ಅವರು ಬೇಕಂತ ಮಾಡಿದ್ದಲ್ಲ. ನಾವೂ ಕಾಲೇಜಿನ ಮೊದಲ ವರ್ಷ ಭಾಷಣದಲ್ಲಿ ನಮ್ಮ ಅವ್ವನನ್ನು 'ನಮ್ಮ ತಾಯಿಯವರು' ಅಂದು ಬಂದವರು.

ಕರಿ ಕಿಟಕಿಯಲ್ಲಿ ಎಣಿಸಿದರೆ 'ಮ್ಮ' 41 ಕಡೆ. ಒಂದೇ ಆಜ್ಞೆಗೆ ಅಷ್ಟನ್ನೂ 'ವ್ವ' ಮಾಡಿಬಿಡಬಹುದಿತ್ತು. ಮಾಡಹೋದೆವು, ಅವ್ವ ಬಿಡಲಿಲ್ಲ. 'ಒಂದೊಂದ ಹೇಳು' ಅಂದಳು. ಒಂದೊಂದು ಸಾಲನ್ನೂ ಓದಿ ತೋರಿಸಿದೆವು. ಅಕಿ ಕಣ್ಣು ಮುಚ್ಚಿ, ಆಯಿಯ ಧಾಟಿಯಲ್ಲಿ ಸಣ್ಣಗೆ ಹಾಡಿ ನೋಡಿ ಹೇಳಿದಳು. ಇಲ್ಲಿ ಅವ್ವ. ಇಲ್ಲೂ ಅವ್ವ. ಇದು ಪೂಜಾರಿ ಬಾಯಾಗಿನ ಮಾತು, ನಮ್ಮವ್ವ ಅವನ್ನ ಅಣಕಿಸಿ ಹಾಡತಿದ್ಲು, ಇಲ್ಲಿ ಅಮ್ಮನ ಇರಲಿ. ಇಲ್ಲಿ ಅವ್ವ.

ಇಪ್ಪತ್ತಾರನೆಯದಕ್ಕೆ ಕರೆಂಟು ಹೋಯಿತು. ಉಳಿಸಿದ್ದೆವು, ಏನೂ ಹಾಳಾಗಲಿಲ್ಲ. ಕತ್ತಲಾಗಿ ಕುಂತೇ ಅವ್ವ ಮುಂದಿನ ಹಾಡು ತೆಗೆದಳು, ಅದು ಫೈಲಿನಲ್ಲಿ ಇರಲಿಲ್ಲ. ನಾವು ಪೆನ್ನು ಹುಡುಕಿದೆವು.